ಮ್ಯಾಗ್ನೆಟ್ ಹಿಡಿಯೋ ಸ್ಟೀಲು ಕೊಟ್ಟ ಪೀಣ್ಯದ ಅಂಗಡಿ, 5ಕ್ಕೆ 4 ಸ್ಟಾರ್

ಪೀಣ್ಯ ಸೆಕೆಂಡ್ ಸ್ಟೇಜಲ್ಲಿ ಲೋಹ ಕಾಯಿಸಿ ಹದ ಮಾಡೋ ನಮ್ದೊಂದು ಚಿಕ್ಕ ಹೀಟ್ ಟ್ರೀಟ್‌ಮೆಂಟ್ ಶೆಡ್ಡು, ಸುಡೋದು ಫರ್ನೆಸ್ ಆಯಿಲ್, ಒಳಗೆ 900 ಡಿಗ್ರಿ ಆಸುಪಾಸು. ಒಳಗಿನ ಬಿಸಿ ಅಳೆಯೋ ಥರ್ಮೋಕಪಲ್ ಮೇಲೆ ಹಾಕೋ ಸ್ಟೀಲ್ ಟ್ಯೂಬಿಂದೇ ನಮ್ಗೆ ತಲೆನೋವು. 304 ಅನ್ನೋ ಗ್ರೇಡಿನ ಸ್ಟೇನ್ಲೆಸ್ ಸ್ಟೀಲ್ ಹಾಕಿದ್ವಿ, ಮೂರೇ ತಿಂಗಳಿಗೆ ತೂತು. ಆಮೇಲೆ ಒಬ್ರು "310 ಹಾಕಿ ಸಾರ್, 25 ಪರ್ಸೆಂಟ್ ಕ್ರೋಮಿಯಂ, 20 ನಿಕ್ಕಲ್, ಇದಕ್ಕಿಂತ ಮೇಲಿಲ್ಲ" ಅಂತ ಚೆನ್ನಾಗೇ ದುಡ್ಡು ಇಸ್ಕೊಂಡ್ರು, ಅದೂ ಬರ್ನರ್ ಕಡೆ ಹುಣ್ಣಾದಂಗೆ ಉಬ್ಕೊಂಡು ಏಳು ತಿಂಗಳಿಗೆ ಗುಜರಿ ಸೇರ್ತು.

ಈ ಅಂಗಡಿಗೆ ಹೋದಾಗ ಯಜಮಾನ್ರು ಸೈಜೇ ಕೇಳ್ಲಿಲ್ಲ, ಏನು ಸುಡ್ತೀರಿ, ಬೆಂಕಿ ಹೊಗೆ ಕಾರುತ್ತಾ, ಹಳೇ ಟ್ಯೂಬ್ ತಂದಿದೀರಾ ಅಂತ ಕೇಳಿದ್ರು. ಹಳೇದನ್ನ ತಿರುಗಿಸಿ ನೋಡಿ "ನಿಕ್ಕಲ್ಲೇ ಕೈ ಕೊಟ್ಟಿರೋದು" ಅಂದ್ರು. ಫರ್ನೆಸ್ ಆಯಿಲಲ್ಲಿ ಗಂಧಕ ಜಾಸ್ತಿ, ಗಾಳಿ ಸರಿಯಾಗಿ ಸಿಕ್ರೆ ಅದು ಸಲ್ಫರ್ ಡೈಆಕ್ಸೈಡ್ ಆಗಿ ಚಿಮಣಿ ಹತ್ತುತ್ತೆ, ಸ್ಟೀಲ್ ಮೇಲಿರೋ ಕ್ರೋಮಿಯಂ ಆಕ್ಸೈಡ್ ಪೊರೆ ಹೆಂಗೋ ತಡ್ಕೊಳುತ್ತೆ, ಆದ್ರೆ ಬರ್ನರ್ ಪಕ್ಕ ಗಾಳಿ ಕಮ್ಮಿ ಇರೋ ಕಡೆ ಹೈಡ್ರೋಜನ್ ಸಲ್ಫೈಡ್ ಆಗಿ ಪೊರೆ ದಾಟಿ ಒಳಗಿನ ನಿಕ್ಕಲ್ಲನ್ನ ಹಿಡ್ಕೊಳುತ್ತಂತೆ. ನಿಕ್ಕಲ್ಲೂ ಅದರ ಸಲ್ಫೈಡೂ ಸೇರಿದ್ರೆ 640 ಡಿಗ್ರಿ ಹತ್ರಾನೇ ಕರಗುತ್ತೆ, ಕಬ್ಬಿಣದ್ದು 980 ದಾಟಬೇಕು. ನಮ್ಮ 900ರಲ್ಲಿ ಒಂದು ನೀರು, ಇನ್ನೊಂದು ಗಟ್ಟಿ. ನಾನು ದುಡ್ಡು ಕೊಟ್ಟು ತಂದಿದ್ದೇ ಆ ನೀರಾಗೋ ಸಾಮಾನು!

ಮಾಲಿಬ್ಡಿನಮ್ ಇರೋ 316 ಗ್ರೇಡ್ ಕೇಳಿದ್ದಕ್ಕೆ "ಮಾಲಿಬ್ಡಿನಮ್ಮು ಉಪ್ಪುನೀರಿಗೆ ಸರಿ, ಇಲ್ಲಿ ದುಡ್ಡು ದಂಡ" ಅಂದ್ರು. ಅಲ್ಯುಮಿನಿಯಂ ಬೆರೆಸಿದ ಕ್ಯಾಂಥಲ್ ಜಾತಿದು ಇನ್ನೂ ಚೆನ್ನಾಗಿ ತಡೆಯುತ್ತಂತೆ, ರೇಟ್ ಕೇಳಿ ಸುಮ್ನಾದೆ. ಕೊನೆಗೆ ಕೊಟ್ಟಿದ್ದು 446. ಕ್ರೋಮಿಯಂ 23ರಿಂದ 27 ಪರ್ಸೆಂಟ್, ನಿಕ್ಕಲ್ ಇಲ್ಲ ಅಂತ್ಲೇ ಲೆಕ್ಕ.

ನಾನು ಜೇಬಲ್ಲಿದ್ದ ಮ್ಯಾಗ್ನೆಟ್ ಇಟ್ಟೆ, ಗಪ್ ಅಂತ ಕಚ್ಕೊಳ್ತು. ಒಳ್ಳೇ ಸ್ಟೇನ್ಲೆಸ್ಸಿಗೆ ಮ್ಯಾಗ್ನೆಟ್ ಹಿಡಿಯಲ್ಲ ಅಂತ್ಲೇ ನಾನು ನಂಬಿದ್ದೆ, ಡೂಪ್ಲಿಕೇಟ್ ಅಂತ ಜಗಳಕ್ಕೇ ನಿಂತೆ. ಅವ್ರು ನಕ್ಕು ಲೋಹದಲ್ಲಿ ಏನೇನು ಎಷ್ಟಿದೆ ಅಂತ ತೋರಿಸೋ ಟೆಸ್ಟಿಂಗ್ ಗನ್ ತರಿಸಿ ನನ್ನೆದುರೇ ಹೊಡೆದು ತೋರಿಸಿದ್ರು, ಕ್ರೋಮಿಯಂ 24 ಚಿಲ್ಲರೆ, ನಿಕ್ಕಲ್ ಅರ್ಧ ಪರ್ಸೆಂಟೂ ಇಲ್ಲ. ನಿಕ್ಕಲ್ ಇಲ್ದಿರೋದಕ್ಕೇ ಮ್ಯಾಗ್ನೆಟ್ ಹಿಡಿಯೋದಂತೆ, ಅದಕ್ಕೆ ಕ್ರೋಮಿಯಂ ಜಾಸ್ತಿನಾ ಕಮ್ಮಿನಾ ಅನ್ನೋದೆಲ್ಲ ಗೊತ್ತಾಗಲ್ಲ. ಇಷ್ಟು ವರ್ಷ ನಾನು ಮ್ಯಾಗ್ನೆಟ್ ಹಿಡ್ಕೊಂಡು ಓಡಾಡಿದ್ದಕ್ಕೆ ಏನು ಹೇಳೋದು.

ಆ ಟ್ಯೂಬಿಗೆ ಈಗ 14 ತಿಂಗಳು, ಇನ್ನೂ ನಡೀತಿದೆ.

ಒಂದು ಸ್ಟಾರ್ ಯಾಕೆ ಕಟ್ ಅಂದ್ರೆ, ಈ 446 ತುಂಬಾ ದಿನ 475 ಡಿಗ್ರಿ ಹತ್ರ ಕೂತ್ರೆ, ಅಂದ್ರೆ ಫರ್ನೆಸ್ ಗೋಡೆಯೊಳಗೆ ಹುದುಗಿರೋ ಭಾಗ, ಪೆಡಸಾಗುತ್ತೆ, ಅದನ್ನ ಮೊದ್ಲೇ ಹೇಳ್ಬೇಕಿತ್ತು. ಎರಡನೇ ಫರ್ನೆಸ್‌ದನ್ನ ಆಯುಧಪೂಜೆ ಕ್ಲೀನಿಂಗಿಗೆ ಬಿಚ್ಚಿದಾಗ ಹುಡುಗನ ಕೈ ಜಾರಿ ಬಿತ್ತು, ಗಾಜಿನ ಬಳೆ ಥರ ಎರಡು ತುಂಡು. ಫೋನ್ ಮಾಡಿದ್ರೆ "ಅಡ್ಡ ಹಾಕ್ಬೇಡಿ, ಬಿಸಿಗೆ ಜೋತು ಬೀಳುತ್ತೆ ಅಂತ ಹೇಳಿದ್ನಲ್ಲ" ಅಂತಾರೆ, ಅದು ಬೇರೆ ವಿಷ್ಯ ಯಜಮಾನ್ರೇ. ನಾಲ್ಕು ದಿನ ಅಂದ ಡೆಲಿವರಿ ಹನ್ನೊಂದು ದಿನ ಆಯ್ತು, ಅದಕ್ಕೂ ಸೇರಿಸಿ ಒಂದೇ ಸ್ಟಾರ್ ಕಿತ್ತಿದೀನಿ.

ಹೋಗೋರು ಹಳೇ ಟ್ಯೂಬ್ ತಗೊಂಡೇ ಹೋಗಿ, ಬೈಕಲ್ಲಿ ಹೋಗಿ, ಲಾರಿ ನಿಂತ್ರೆ ಆ ಗಲ್ಲಿಯಲ್ಲಿ ಕಾರು ತಿರುಗಲ್ಲ.