ಮುಚ್ಚಳ ತೆಗೆದು ನೋಡಬೇಕಾದ ಲೋಟಸ್ 79 ಮಾದರಿ

ಬಳ್ಳಾರಿಯಲ್ಲಿ ಅದಿರು ಲಾರಿಗಳ ಎಂಜಿನ್ ಬಿಚ್ಚುವುದು ನನ್ನ ಕೆಲಸ. ರಾಯಲ್ ಸರ್ಕಲ್ ಹತ್ತಿರದ ಅಂಗಡಿಯಲ್ಲಿ ಈ ರೇಸ್ ಕಾರಿನ ಮಾದರಿ ಸಿಕ್ಕಿತು. ಕಪ್ಪು ಬಣ್ಣ, ಅಂಗೈಗಿಂತ ಸ್ವಲ್ಪ ಉದ್ದ. ಮುಚ್ಚಳ ತೆಗೆದರೆ ಸೀಟು, ಅದರ ಹಿಂದೆ ಪೆಟ್ರೋಲ್ ಟ್ಯಾಂಕ್, ಆಮೇಲೆ ಕಾಸ್ವರ್ತ್ ಕಂಪನಿಯ ವಿ8 ಎಂಜಿನ್, ಅಂದರೆ V ಆಕಾರದಲ್ಲಿ 8 ಸಿಲಿಂಡರ್. ಎಲ್ಲ ಒಂದೇ ಸಾಲು. ಎಂಜಿನ್ ಅಗಲ ಕಮ್ಮಿ, ಅದಕ್ಕೇ ಎರಡೂ ಪಕ್ಕ ಗಾಳಿಗೆ ಸುರಂಗದಂಥ ದಾರಿ. ಅಲ್ಲಿ ಗಾಳಿ ಜೋರಾಗಿ ನುಗ್ಗಿದಷ್ಟೂ ಕಾರು ರಸ್ತೆಗೆ ಕಚ್ಚಿಕೊಳ್ಳುತ್ತಿತ್ತು. ಆಗಿನ ಫೆರಾರಿ ಎಂಜಿನ್‌ನ 12 ಸಿಲಿಂಡರ್ ಎರಡೂ ಪಕ್ಕಕ್ಕೆ ಮಲಗಿದ್ದವು, ಸುರಂಗಕ್ಕೆ ಜಾಗ ಎಲ್ಲಿ? 1978ರಲ್ಲಿ ಮಾರಿಯೋ ಆಂಡ್ರೆಟ್ಟಿ ಫಾರ್ಮುಲಾ 1 ರೇಸಿನ ವಿಶ್ವ ಚಾಂಪಿಯನ್ ಆಗಲು ಈ ಜೋಡಣೆಯೂ ಕಾರಣ ಅಲ್ವಾ!

ಒಂದು ಕೊರತೆ: ಎಡಪಕ್ಕದ ಸ್ಕರ್ಟ್, ಅಂದರೆ ಕಾರಿನ ಅಂಚಿನಿಂದ ನೆಲದ ಕಡೆ ಇಳಿಯುವ ಪಟ್ಟಿ, ಅಂಟು ಬಿಟ್ಟಿತ್ತು. ಅಸಲಿ ಕಾರಿನಲ್ಲಿ ಪಕ್ಕದಿಂದ ಗಾಳಿ ನುಸುಳದಂತೆ ತಡೆಯುತ್ತಿದ್ದದ್ದೇ ಅದು. ನಾನೇ ಅಂಟಿಸಿದೆ. ಆದರೂ ಕೊಟ್ಟ ದುಡ್ಡಿಗೆ ಮೋಸ ಇಲ್ಲ.