ಹಬ್ಬದ ಹೂವಿಗೆ ಗಾಂಧಿ ಬಜಾರಾ, ರಸೆಲ್ ಮಾರ್ಕೆಟ್ಟಾ, ಕೆ.ಆರ್. ಮಾರ್ಕೆಟ್ಟಾ?

ಮೊದಲೇ ಹೇಳಿಬಿಡುತ್ತೇನೆ, ಬೆಂಗಳೂರಿನ ಈ ಮೂರರಲ್ಲಿ ನನ್ನ ಓಟು ಕೆ.ಆರ್. ಮಾರ್ಕೆಟ್ಟಿಗೆ. ಅದೂ ಬೆಳಗಿನ ಆರು ಗಂಟೆಯ ಕೆ.ಆರ್. ಮಾರ್ಕೆಟ್ಟಿಗೆ. ಹನ್ನೊಂದು ಗಂಟೆಗೆ ಅಲ್ಲಿಗೆ ಹೋಗಿ ಬಂದು 'ಅಯ್ಯೋ ಏನು ಗಲಾಟೆ, ಏನು ವಾಸನೆ' ಅನ್ನುವವರ ಜೊತೆ ನಾನು ವಾದಕ್ಕೆ ಹೋಗುವುದಿಲ್ಲ. ಅವರು ಹೇಳುವುದು ಸರಿಯೇ. ಆ ಹೊತ್ತಿಗೆ ಅದು ಬೇರೆಯೇ ಮಾರ್ಕೆಟ್ಟು.

ನಾವಿರುವುದು ಹನುಮಂತನಗರದಲ್ಲಿ. ಗಾಂಧಿ ಬಜಾರಿಗೆ ನಡೆದೇ ಹೋಗಬಹುದು. ಮದುವೆಯಾಗಿ ಬಂದಾಗಿನಿಂದ ಹಬ್ಬ, ಹುಣ್ಣಿಮೆ, ಶುಕ್ರವಾರ, ಶನಿವಾರ ಎಲ್ಲದಕ್ಕೂ ಅಲ್ಲಿಂದಲೇ ಹೂವು ತಂದವಳು ನಾನು. ಅದು ತಪ್ಪಿದ್ದು ಒಂದು ವರಮಹಾಲಕ್ಷ್ಮಿ ಹಬ್ಬದ ಹಿಂದಿನ ಸಂಜೆ.

ಆವತ್ತು ಆಫೀಸಿನಿಂದ ಬರುವುದೇ ತಡವಾಗಿತ್ತು. ಜಿಟಿಜಿಟಿ ಮಳೆ ಬೇರೆ. ಬಸ್ಸಿಳಿದು ಸೀದಾ ಗಾಂಧಿ ಬಜಾರಿಗೆ ಹೋದೆ. ಆರು ಮೊಳ ಮಲ್ಲಿಗೆ, ಎರಡು ಮೊಳ ಕನಕಾಂಬರ, ಎರಡು ಮಾರು ಸೇವಂತಿಗೆ. ರೇಟು ಕೇಳಿ ಎದೆ ಧಸಕ್ ಅಂದರೂ ನಾಳೆ ಹಬ್ಬ, ಏನು ಮಾಡುವುದು? ಕೊಟ್ಟು ಬಂದೆ. ಮನೆಗೆ ಬಂದ ಮೇಲೆ ನಮ್ಮತ್ತೆ ಬಾಳೆ ಎಲೆ ಬಿಚ್ಚಿ, ಮಲ್ಲಿಗೆ ದಂಡೆ ಹಿಡಿದು, ತಮ್ಮ ಮೊಳಕೈಗೆ ಹಚ್ಚಿ ಅಳೆಯಲು ಕೂತರು. ಒಂದು, ಎರಡು, ಮೂರು, ನಾಲ್ಕು, ಆಮೇಲೆ ಒಂದು ಗೇಣು. ಅಷ್ಟೇ.

"ಆರು ಮೊಳ ಅಂದ್ಯಲ್ಲಮ್ಮ?"

"ಆರು ಮೊಳಾನೇ ಅತ್ತೆ, ನನ್ನ ಕಣ್ಣೆದುರಿಗೇ ಅಳೆದಿದ್ದು."

ಕಣ್ಣೆದುರಿಗೇ ಅಳೆದಿದ್ದು ನಿಜ. ಆಮೇಲೆ ಸುಮ್ನೆ ಕುತೂಹಲಕ್ಕೆ ಇನ್ನೆರಡು ಸಲ ನಿಂತು ನೋಡಿದೆ. ಮೊಳ ಅಂದರೆ ಮೊಳಕೈಯಿಂದ ನಡುಬೆರಳಿನ ತುದಿಯವರೆಗೆ, ಅಲ್ವಾ? ಹೂವಿನ ಬುಟ್ಟಿಯ ಹತ್ತಿರ ಬೆರಳು ಮಡಚಿರುತ್ತೆ. ಗಂಟಿನ ಹತ್ತಿರ ಹಿಡಿದು ಕೈ ಬೀಸಿದರೆ ಒಂದು ಮೊಳ. ಎರಡನೇ ಮೊಳ ಶುರುವಾಗುವಾಗ ಮೊದಲನೆಯದರ ನಾಲ್ಕು ಬೆರಳು ಒಳಗೆ ಬಂದಿರುತ್ತದೆ. ಇಷ್ಟೆಲ್ಲ ಎಷ್ಟು ಬೇಗ ನಡೆಯುತ್ತದೆ ಅಂದರೆ, ನಾವು ಪರ್ಸು ತೆಗೆಯುವುದರೊಳಗೆ ಆರು ಮೊಳ ಆಗಿ ಎಲೆಗೆ ಸುತ್ತಿಯೂ ಆಗಿರುತ್ತದೆ. ದಂಡೆ ಕಟ್ಟಿರುವುದೂ ಹಾಗೇ, ಮೊದಲ ಗೇಣು ಒತ್ತಾಗಿ, ಆಮೇಲೆ ಹೂವಿಗಿಂತ ದಾರವೇ ಜಾಸ್ತಿ. ನನ್ನ ಕನಕಾಂಬರದ ಸುರುಳಿಯ ಒಳಗಂತೂ ಹಿಂದಿನ ದಿನದ ಹೂವಿತ್ತು. ಬೆಳಗ್ಗೆ ಕಳಶಕ್ಕೆ ಮುಡಿಸುವ ಹೊತ್ತಿಗೆ ಅರ್ಧ ಉದುರಿತ್ತು.

ಇದರಲ್ಲಿ ಹೂವು ಮಾರುವ ಆಯಮ್ಮನದೇ ತಪ್ಪು ಅಂತ ಹೇಳುವುದಿಲ್ಲ. ಆಕೆ ರಾತ್ರಿ ಮೂರು ಗಂಟೆಗೆ ಎದ್ದು ಕೆ.ಆರ್. ಮಾರ್ಕೆಟ್ಟಿಗೆ ಹೋಗಿ, ಹಬ್ಬದ ರೇಟಿಗೆ ಬಿಡಿ ಹೂವು ತಂದು, ದಿನವಿಡೀ ಕೂತು ಕಟ್ಟಿದ್ದಾಳೆ. ತಂದ ಬಾಡಿಗೆ, ಕಟ್ಟಿದ ಕೂಲಿ, ಬಾಡಿಹೋಗುವ ಹೂವಿನ ನಷ್ಟ, ಎಲ್ಲ ಆ ಮಡಚಿದ ಬೆರಳಲ್ಲೇ ಹೊರಡಬೇಕು. ಆದರೆ ಆವತ್ತು ನನಗೆ ಹೊಳೆದದ್ದು ಇಷ್ಟು: ಹೂವು ಬರುವುದು ಅಲ್ಲಿಂದಲೇ ಆದರೆ ನಾನೇ ಯಾಕೆ ಅಲ್ಲಿಗೆ ಹೋಗಬಾರದು? ಕಟ್ಟಲು ಮನೆಯಲ್ಲಿ ಅತ್ತೆ ಇದ್ದಾರೆ. ಬಾಳೆ ನಾರು ಕೊಟ್ಟರೆ ಟೀವಿ ನೋಡುತ್ತಲೇ ಎರಡು ಗಂಟೆಯಲ್ಲಿ ದಂಡೆ ಮುಗಿಸುತ್ತಾರೆ.

ಮಧ್ಯೆ ಒಂದು ರಸೆಲ್ ಮಾರ್ಕೆಟ್ ಪ್ರಯೋಗವೂ ಆಯಿತು. ಆಫೀಸಿನ ಗೆಳತಿಯೊಬ್ಬಳ ಮನೆ ಫ್ರೇಜರ್ ಟೌನಿನಲ್ಲಿ. 'ಮಾರ್ಕೆಟ್ ಅಂದ್ರೆ ನಮ್ದು ಕಣೇ' ಅಂತ ಯಾವಾಗಲೂ ಅನ್ನುತ್ತಿದ್ದಳು. ಶಿವಾಜಿನಗರದ ಬಸ್ ಸ್ಟ್ಯಾಂಡಿನಿಂದ ಸೇಂಟ್ ಮೇರಿ ಬೆಸಿಲಿಕಾ ಕಡೆ ನಡೆದರೆ ಸಿಗುತ್ತದೆ. 1927ರಲ್ಲಿ ಕಟ್ಟಿಸಿದ ಕಟ್ಟಡ, ಗೋಪುರ ಕಮಾನು ಎಲ್ಲ ಇರುವಂಥದ್ದು. 2012ರಲ್ಲಿ ಬೆಂಕಿ ಬಿದ್ದು ಎಷ್ಟೋ ಅಂಗಡಿಗಳು ಸುಟ್ಟುಹೋಗಿದ್ದವು. ಆಮೇಲೂ ಅಲ್ಲೇ ಮತ್ತೆ ವ್ಯಾಪಾರಕ್ಕೆ ಕೂತರು. ದಖನಿ, ತಮಿಳು, ಕನ್ನಡ ಮೂರೂ ಒಂದೇ ವಾಕ್ಯದಲ್ಲಿ ಕೇಳಿಸುತ್ತದೆ.

ಹೂವಿಗೆ ಅಲ್ಲಿಗೆ ಹೋಗಬೇಡಿ, ಹಣ್ಣಿಗೆ ಹೋಗಿ. ಒಬ್ಬರ ಹತ್ತಿರ ಬೆಣ್ಣೆಹಣ್ಣು ಕೇಳಿದೆ. ಅವರು ಬುಟ್ಟಿಗೆ ಕೈ ಹಾಕುವ ಮೊದಲು ಕೇಳಿದ್ದು "ಇವತ್ತಿಗಾ, ನಾಳೆಗಾ, ಇನ್ನೂ ಲೇಟಾ?" ಅಂತ. ಇವತ್ತಿಗೆ ಎರಡು, ಭಾನುವಾರಕ್ಕೆ ಎರಡು ಅಂದೆ. ಹೆಬ್ಬೆರಳಲ್ಲಿ ತೊಟ್ಟಿನ ಹತ್ತಿರ ಮೆಲ್ಲಗೆ ಒತ್ತಿ ಒತ್ತಿ ಆರಿಸಿ, ಎರಡು ಬೇರೆ ಬೇರೆ ಕವರಿಗೆ ಹಾಕಿಕೊಟ್ಟರು. ಭಾನುವಾರದ್ದು ಭಾನುವಾರವೇ ಹದಕ್ಕೆ ಬಂತು. ಖರ್ಜೂರದಲ್ಲಿ ಎಷ್ಟು ಬಗೆ ಇದೆ ಅಂತ ಗೊತ್ತಾಗಿದ್ದೂ ಅಲ್ಲೇ. ರಂಜಾನ್ ತಿಂಗಳಲ್ಲಿ ಸಂಜೆ ಮೇಲೆ ಆ ಸುತ್ತಿನ ಬೀದಿಗಳಲ್ಲಿ ನಿಲ್ಲಲು ಜಾಗ ಇರುವುದಿಲ್ಲ. ಸಮೋಸ, ಹಲೀಮ್, ಸುಲೈಮಾನಿ ಚಹಾ. ನಾನು ಸಮೋಸ, ಚಹಾಕ್ಕೇ ನಿಲ್ಲಿಸಿದೆ, ನಮ್ಮ ಮನೆಯವರು ನಿಲ್ಲಿಸಲಿಲ್ಲ. ಮೀನು ತಿನ್ನುವವರಿಗೆ ಈ ಮೂರರಲ್ಲಿ ಬೇರೆ ಮಾತೇ ಬೇಡ, ರಸೆಲ್ಲೇ.

ಆದರೆ ಹನುಮಂತನಗರದಿಂದ ಶಿವಾಜಿನಗರಕ್ಕೆ ಹೋಗಿ ಬರುವುದರಲ್ಲಿ ಅರ್ಧ ದಿನ ಮುಗಿಯುತ್ತದೆ. ವರ್ಷಕ್ಕೆ ಎರಡು ಸಲ ಸರಿ. ವಾರಕ್ಕೆ? ಆಗದ ಮಾತು.

ಈಗ ಕೆ.ಆರ್. ಮಾರ್ಕೆಟ್. ಅತ್ತೆ ಇವತ್ತಿಗೂ 'ಸಿಟಿ ಮಾರ್ಕೆಟ್' ಅಂತಲೇ ಅನ್ನುತ್ತಾರೆ. ಹಿಂದೆ ಅಲ್ಲಿ ಸಿದ್ದಿಕಟ್ಟೆ ಅಂತ ನೀರಿನ ಕಟ್ಟೆ ಇತ್ತಂತೆ. 1905ರಲ್ಲಿ ಶಿವನಸಮುದ್ರದಿಂದ ಬೆಂಗಳೂರಿಗೆ ಕರೆಂಟ್ ಬಂದಾಗ ಮೊದಮೊದಲ ಬೀದಿ ದೀಪ ಹತ್ತಿದ್ದೂ ಇದೇ ಕಡೆ. ನಾನು ಮೊದಲ ಸಲ ಹೋದಾಗ ಇನ್ನೂ ಬೆಳಕು ಹರಿದಿರಲಿಲ್ಲ. ಒಳಗೆ ಸಾಲು ಸಾಲು ಬಲ್ಬು, ಅದರ ಕೆಳಗೆ ಚೆಂಡುಹೂವಿನ ಗುಡ್ಡ. ಮೆಟ್ಟಿಲು ಹತ್ತಿ ಮೇಲಿಂದ ನೋಡಿದೆ. ಹಳದಿ, ಕೇಸರಿ, ಬಿಳಿ, ಮಧ್ಯೆ ಮಧ್ಯೆ ಮರುಗದ ಹಸಿರು. ಮೂಟೆ ಹೊತ್ತವರು 'ಸೈಡ್ ಸೈಡ್' ಅಂತ ಕೂಗುತ್ತಾ ಆ ಬಣ್ಣಗಳ ನಡುವೆ ದಾರಿ ಬಿಡಿಸಿಕೊಂಡು ಹೋಗುತ್ತಾರೆ. ಫೋಟೋ ತೆಗೆಯುವವರು ಅಲ್ಲೇ ನಿಲ್ಲುತ್ತಾರೆ. ನೀವು ತೆಗೆಯುವುದಾದರೂ ಮೇಲೆಯೇ ನಿಂತು ತೆಗೆಯಿರಿ, ಕೆಳಗೆ ನಿಂತರೆ ಮೂಟೆಯವರ ಬೈಗುಳ ಖಂಡಿತ.

ಇಲ್ಲಿ ಮೊಳದ ತಕರಾರೇ ಇಲ್ಲ, ಬಿಡಿ ಹೂವು ಎಲ್ಲ ಕೆಜಿ ಲೆಕ್ಕ. ದೊಡ್ಡ ಗುಡ್ಡದವರು ಕೆಜಿಗೆ ಕಡಿಮೆ ಮಾತೇ ಆಡುವುದಿಲ್ಲ. ಅಂಚಿನಲ್ಲಿ ಕೂತವರು ಕಾಲು ಕೆಜಿಯೂ ಕೊಡುತ್ತಾರೆ. ಕಾಲು ಕೆಜಿ ಮಲ್ಲಿಗೆ ಮೊಗ್ಗು ಅತ್ತೆ ಕೈಯಲ್ಲಿ ಹತ್ತು ಮೊಳದ ಹತ್ತಿರ ಬರುತ್ತದೆ. ಬೋಣಿ ಹೊತ್ತಿಗೆ ಹೋದರೆ ಚೌಕಾಸಿ ಸುಲಭ, ಮೇಲೆ ಒಂದು ಹಿಡಿ ಕೊಸರೂ ಬೀಳುತ್ತದೆ. ಒಂದೇ ಜಾಗ್ರತೆ, ಗುಡ್ಡದ ಒಳಗೆ ಕೈ ಹಾಕಿ ನೋಡಿ. ಮೇಲೆ ನೀರು ಚಿಮುಕಿಸಿರುತ್ತಾರೆ, ತಂಪಿಗೂ ಆಯಿತು, ತೂಕಕ್ಕೂ ಆಯಿತು. ಒಳಗಿನ ಹೂವು ಕೈಗೆ ಬೆಚ್ಚಗೆ ತಾಕಿದರೆ ಮುಂದಿನ ಗುಡ್ಡಕ್ಕೆ ನಡೆಯಿರಿ. ಬೆಚ್ಚಗಾದ ಮೊಗ್ಗು ಮಧ್ಯಾಹ್ನಕ್ಕೇ ಕಂದು.

ಹೊರಗಡೆ ಬೀದಿಯಲ್ಲಿ ತರಕಾರಿ ಗುಡ್ಡೆ ಲೆಕ್ಕ. ಚಳಿಗಾಲದಲ್ಲಿ ಸೊಗಡಿನ ಅವರೆಕಾಯಿ ಮೂಟೆ ಬಿಚ್ಚುವಾಗ ಆ ವಾಸನೆಗೇ ಎರಡು ಕೆಜಿ ಜಾಸ್ತಿ ತಂದಿದ್ದೇನೆ, ಆಮೇಲೆ ಹಿತುಕುತ್ತಾ ಕೂತು ಬೈದುಕೊಂಡಿದ್ದೇನೆ. ಹಳೇ ಚಪ್ಪಲಿ ಹಾಕಿಕೊಂಡು ಹೋಗಿ.

ತಿಂಡಿ ವಿಷಯದಲ್ಲಿ ಮಾತ್ರ ಗಾಂಧಿ ಬಜಾರ್ ಗೆದ್ದಿತು. ಮಾರ್ಕೆಟ್ಟಿನ ಹೊರಗೆ ಗಾಡಿ ಇಡ್ಲಿ, ಚಿತ್ರಾನ್ನ, ಸ್ಟೀಲ್ ಕ್ಯಾನಿನ ಟೀ ಸಿಗುತ್ತದೆ. ಕೆಲಸದವರ ತಿಂಡಿ ಅದು, ಬಿಸಿಯಾಗಿ ಹೊಟ್ಟೆ ತುಂಬಾ ಸಿಗುತ್ತೆ, ನಿಂತೇ ತಿನ್ನಬೇಕು. ಗಾಂಧಿ ಬಜಾರಿನ ವಿದ್ಯಾರ್ಥಿ ಭವನ ಹೋಟೆಲಿನ ದೋಸೆಗೆ ಅದನ್ನು ಹೋಲಿಸಿದರೆ ಪಾಪ ಬರುತ್ತೆ. ಆದರೆ ಹೂವು ಬೇಕಾಗುವುದೇ ಶುಕ್ರವಾರ, ವಿದ್ಯಾರ್ಥಿ ಭವನಕ್ಕೆ ರಜಾ ಇರುವುದೂ ಶುಕ್ರವಾರವೇ. ಗ್ರಂಥಿಗೆ ಸಾಮಾನಿಗೂ ನನಗೆ ಗಾಂಧಿ ಬಜಾರೇ ಒಗ್ಗಿದೆ. ಅರಿಶಿನ ಕೊಂಬು, ಗೆಜ್ಜೆವಸ್ತ್ರ, ಪಚ್ಚಕರ್ಪೂರ, ಚೀಟಿ ಕೊಟ್ಟರೆ ಹತ್ತು ನಿಮಿಷದಲ್ಲಿ ಕಟ್ಟಿಕೊಡುತ್ತಾರೆ.

ಇನ್ನು ಕೆ.ಆರ್. ಮಾರ್ಕೆಟ್ಟಿನ ನಿಜವಾದ ಕಷ್ಟ. ಒಳಗೆ ಹೋಗುವುದಲ್ಲ, ಹೊರಗೆ ಬರುವುದು. ಹೋದ ವರ್ಷದ ಹಬ್ಬಕ್ಕೆ ಹೂವು, ಎರಡು ಕಟ್ಟು ವೀಳ್ಯದೆಲೆ, ಹಣ್ಣು, ತೆಂಗಿನಕಾಯಿ, ಜೊತೆಗೆ ಆಸೆಗೆ ಬಿದ್ದು ಒಂದು ಜೊತೆ ಬಾಳೆಕಂದು ತೆಗೆದುಕೊಂಡೆ. ಕಂದು ನನಗಿಂತ ಉದ್ದ. ಆಟೋದವರು ನನ್ನ ಮುಖ ನೋಡಲೇ ಇಲ್ಲ, ಕಂದು ನೋಡಿ ಮುಂದೆ ಹೋದರು. ಒಬ್ಬರು ನಿಲ್ಲಿಸಿ "ಕಂದು ಬಿಟ್ಟು ಬಂದ್ರೆ ಬರ್ತೀನಮ್ಮ" ಅಂದರು. ಸರಿ, ಮೊಬೈಲಿನಲ್ಲಿ ಬುಕ್ ಮಾಡಿದೆ.

ಅಲ್ಲಿ ಶುರುವಾಯಿತು ನೋಡಿ. ಮಾರ್ಕೆಟ್ಟಿನ ತಲೆ ಮೇಲೆ ಫ್ಲೈಓವರ್ ಇದೆ, ಟೌನ್ ಹಾಲ್ ಕಡೆಯಿಂದ ಸಿರ್ಸಿ ಸರ್ಕಲ್ಲಿಗೆ ಹೋಗುವುದು. ಮ್ಯಾಪಿಗೆ ಮೇಲೆ ಯಾವುದು, ಕೆಳಗೆ ಯಾವುದು ಗೊತ್ತಾಗುವುದಿಲ್ಲ. ನಾನು ಕಂಬದ ಬುಡದಲ್ಲಿ ಕಂದು ಹಿಡಿದುಕೊಂಡು ನಿಂತಿದ್ದೇನೆ. ಆಟೋ ಬಂದಿದೆ ಅಂತ ಮೊಬೈಲು ಹೇಳುತ್ತಿದೆ. ಆಟೋ ಕಾಣಿಸುತ್ತಿಲ್ಲ. ಫೋನ್ ಬಂತು.

"ಮೇಡಂ, ಎಲ್ಲಿದೀರಾ?"

"ಮಾರ್ಕೆಟ್ ಹತ್ರಾನೇ, ಕಂಬದ ಪಕ್ಕ."

"ನಾನೂ ಅಲ್ಲೇ ಇದೀನಿ."

"ಕಾಣಿಸ್ತಿಲ್ವಲ್ಲಾ?"

"ಫ್ಲೈಓವರ್ ಮೇಲಿದೀನಿ. ಕೆಳಗಿದೀರಾ? ಥೋ!"

ಅವರು ಸಿರ್ಸಿ ಸರ್ಕಲ್ಲಿನಲ್ಲಿ ಇಳಿದು ತಿರುಗಿಕೊಂಡು ಬರಲಿಲ್ಲ, ಕ್ಯಾನ್ಸಲ್ ಮಾಡಿದರು. ಎರಡನೆಯವರೂ ಮೇಲೆಯೇ ಬಂದರು. ಮೂರನೆಯವರು ಕೆಳಗೇ ಬಂದರು, ಆದರೆ ರಸ್ತೆಯ ಆಚೆ ಕಡೆಗೆ. ಮಧ್ಯೆ ತಳ್ಳುಗಾಡಿ, ಬಸ್ಸು, ಟೆಂಪೊ. ಅಷ್ಟರಲ್ಲಿ ಮುಕ್ಕಾಲು ಗಂಟೆ ಆಗಿತ್ತು. ಬಿಸಿಲು ಏರಿತ್ತು. ನಾನು ಹೂವಿನ ಚೀಲದ ಮೇಲೆ ನನ್ನ ಸೆರಗು ಹೊದಿಸಿಕೊಂಡು ನಿಂತಿದ್ದೆ. ಕೊನೆಗೆ ಪಕ್ಕದಲ್ಲಿ ನಿಂಬೆಹಣ್ಣು ಮಾರುತ್ತಿದ್ದ ಅಜ್ಜಿ "ಬಸ್ಸಿಗೆ ಹೋಗವ್ವ, ಸುಮ್ನೆ ಯಾಕ್ ನಿಂತಿದೀಯಾ?" ಅಂದರು.

ಹೌದಲ್ಲ! ಶಕ್ತಿ ಯೋಜನೆ ಬಂದು 2023ರ ಜೂನಿನಿಂದ ನಮ್ಮಂಥ ಹೆಂಗಸರಿಗೆ ಬಸ್ಸು ಫ್ರೀ. ಬೆಳಗ್ಗೆ ಮಾರ್ಕೆಟ್ ಬಿಟ್ಟು ನಮ್ಮ ಕಡೆ ಬರುವ ಬಸ್ಸು ಖಾಲಿಯೇ ಇರುತ್ತದೆ. ಕಂದನ್ನು ಅಜ್ಜಿಗೇ ಕೊಟ್ಟು ಬಸ್ಸು ಹತ್ತಿದೆ. ಮನೆ ಹತ್ತಿರ ಇಳಿದರೆ ನಮ್ಮ ಬೀದಿಯ ತುದಿಯಲ್ಲೇ ಒಬ್ಬರು ತಳ್ಳುಗಾಡಿ ತುಂಬಾ ಬಾಳೆಕಂದು ಇಟ್ಟುಕೊಂಡು ಕೂಗುತ್ತಿದ್ದರು. ಅವತ್ತಿನಿಂದ ಕಂದು, ಮಾವಿನ ಸೊಪ್ಪು, ಬಾಳೆ ಎಲೆ ನಮ್ಮ ಬೀದಿಯದೇ. ಮಾರ್ಕೆಟ್ಟಿನಿಂದ ಎರಡು ಕೈಚೀಲಕ್ಕೆ ಹಿಡಿಸುವಷ್ಟೇ.

ದಿನಾ ಒಂದು ಮೊಳ ಹೂವು ಸಾಕು ಅನ್ನುವವರು, ಮನೆಯಲ್ಲಿ ಕಟ್ಟುವ ಕೈ ಇಲ್ಲದವರು, ಬೆಳಗ್ಗೆ ಐದಕ್ಕೆ ಏಳಲಾಗದವರು ಗಾಂಧಿ ಬಜಾರ್ ಬಿಡಬೇಡಿ. ಇಬ್ಬರಿರುವ ಮನೆಗೆ ಕಾಲು ಕೆಜಿ ಮಲ್ಲಿಗೆ ತಂದು ಏನು ಮಾಡುತ್ತೀರಿ? ನಮಗೆ ಸರಿಹೋಗಿದ್ದು ಪಾಲಿನಿಂದ. ಅಕ್ಕಪಕ್ಕದ ಎರಡು ಮನೆಯವರು ಸೇರಿಕೊಂಡರು. ತರುವುದು ನಾನು, ಕಟ್ಟುವುದು ಅತ್ತೆ, ಲೆಕ್ಕ ಮೂರು ಪಾಲು. ಹೋದ ವರ್ಷ ಮೂರು ಮನೆಯ ಹೂವಿಗೆ ಒಟ್ಟು ಆದ ಖರ್ಚು, ಆವತ್ತು ಗಾಂಧಿ ಬಜಾರಿನಲ್ಲಿ ನಾನೊಬ್ಬಳೇ ಕೊಟ್ಟಿದ್ದಕ್ಕಿಂತ ಇನ್ನೂರು ರೂಪಾಯಿ ಜಾಸ್ತಿ, ಅಷ್ಟೇ.

ಪಾಲು ಹಂಚುವವರು ನಮ್ಮತ್ತೆಯೇ. ಅವರು ಇರುವುದೇ ನಾಲ್ಕೂ ಮುಕ್ಕಾಲು ಅಡಿ. ಹೋದ ಸಲ ಪಕ್ಕದ ಮನೆಯವರು ತಮ್ಮ ಹತ್ತು ಮೊಳ ತೆಗೆದುಕೊಂಡು ಹೋಗಿ, ಹತ್ತು ನಿಮಿಷ ಬಿಟ್ಟು ಬಾಗಿಲಿಗೆ ಬಂದರು. "ಏನೂ ಅನ್ಕೋಬೇಡಿ," ಅಂದರು ನನ್ನನ್ನು ಪಕ್ಕಕ್ಕೆ ಕರೆದು, "ನಿಮ್ಮತ್ತೆ ಮೊಳ ಸ್ವಲ್ಪ ಚಿಕ್ಕದು ಅಲ್ವಾ?"