ಒಬ್ಬರ ಮನೆಗೆ 2 ಲೀಟರ್ ಕುಕ್ಕರ್: ಹಲವು ವರ್ಷ ಬಳಸಿದ ಮೇಲೆ

ಒಬ್ಬರೇ ಇರುವವರು ಕುಕ್ಕರ್ ಕೊಳ್ಳುವುದಾದರೆ 2 ಲೀಟರಿನದನ್ನೇ ಕೊಳ್ಳಿ. 5 ಲೀಟರಿನದು ಬೇಡವೇ ಬೇಡ. ಕೆಲಸಕ್ಕೆ ಅಂತ ಕೋಲಾರಕ್ಕೆ ಬಂದು ಒಬ್ಬಳೇ ಮನೆ ಮಾಡಿದ ಹೊಸದರಲ್ಲಿ ಕೊಂಡ ಅಲ್ಯೂಮಿನಿಯಂ ಕುಕ್ಕರ್ ನನ್ನದು. ಹೊರಗಡೆಯಿಂದ ಕೂರುವ ಮುಚ್ಚಳ, ಉದ್ದ ಹಿಡಿ. ಇವತ್ತಿಗೂ ದಿನಾ ಒಲೆ ಮೇಲೆ ಏರುತ್ತದೆ. ಈ ಅಳತೆಯದನ್ನು ಹೆಚ್ಚುಕಡಿಮೆ ಎಲ್ಲ ದೊಡ್ಡ ಕಂಪನಿಗಳೂ ಮಾಡುತ್ತವೆ. ಹಾಗಾಗಿ ಬ್ರ್ಯಾಂಡ್ ವಿಚಾರ ಬಿಟ್ಟು, ಇಷ್ಟು ಚಿಕ್ಕ ಕುಕ್ಕರ್ ದಿನದ ಅಡುಗೆಗೂ ಹಬ್ಬದ ಅಡುಗೆಗೂ ಹೇಗೆ ಒದಗುತ್ತದೆ ಅನ್ನುವುದನ್ನು ಬರೆಯುತ್ತೇನೆ.

ದೊಡ್ಡ ಕುಕ್ಕರಿನ ತೊಂದರೆ ಏನು ಅಂದರೆ, ಎರಡು ಹಿಡಿ ಬೇಳೆ ಹಾಕಿದರೆ ಅದು ತಳದಲ್ಲಿ ತೆಳ್ಳಗೆ ಹರಡಿಕೊಳ್ಳುತ್ತದೆ. ಹಬೆ ಕಟ್ಟುವಷ್ಟರಲ್ಲಿ ಇದ್ದ ನೀರು ಅರ್ಧ ಹೋಗಿರುತ್ತದೆ, ಕೆಳಗೆ ಹಿಡಿದುಕೊಳ್ಳುತ್ತದೆ. ಸೀಯಬಾರದು ಅಂತ ಇನ್ನೊಂದು ಹಿಡಿ ಬೇಳೆ, ಇನ್ನೊಂದು ಲೋಟ ನೀರು ಹಾಕುತ್ತೇವೆ. ಅಲ್ಲಿಗೆ ಮೂರು ದಿನ ಅದೇ ಸಾರು. ಮೂರನೇ ದಿನ ಫ್ರಿಜ್ಜಿನಿಂದ ತೆಗೆದ ಸಾರನ್ನು ನೋಡಿದರೆ ಅಡುಗೆಯೇ ಬೇಡ ಅನ್ನಿಸುತ್ತದೆ. ಒಬ್ಬರೇ ಇರುವವರು ಅಡುಗೆ ಬಿಡುವುದು ಸೋಮಾರಿತನದಿಂದ ಅಂತ ಎಲ್ಲರೂ ಹೇಳುತ್ತಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಪಾತ್ರೆ ದೊಡ್ಡದಾಗಿ ಬಿಡುವವರೇ ಜಾಸ್ತಿ.

ಹಾಗಾದರೆ ಕುಕ್ಕರ್ ಯಾಕೆ, ಚಿಕ್ಕ ಪಾತ್ರೆಯಲ್ಲೇ ಬೇಯಿಸಿಕೊಳ್ಳಬಹುದಲ್ವಾ ಅಂತ ಕೇಳಬಹುದು. ಸೊಪ್ಪಿಗೆ ಸರಿ, ಬೇಳೆಗೆ ಆಗುವುದಿಲ್ಲ. ನಮ್ಮ ಕೋಲಾರ ಸಮುದ್ರ ಮಟ್ಟದಿಂದ 800 ಮೀಟರಿಗೂ ಎತ್ತರದಲ್ಲಿದೆ. ಇಲ್ಲಿ ನೀರು 100 ಡಿಗ್ರಿಗೆ ಬರುವ ಮೊದಲೇ, 97ರ ಆಸುಪಾಸಿನಲ್ಲಿ ಕುದಿಯುತ್ತದೆ. ಅದರ ಮೇಲೆ ಬೋರ್‌ವೆಲ್ಲಿನ ಗಡಸು ನೀರು. ನೀರಿನಲ್ಲಿರುವ ಕ್ಯಾಲ್ಸಿಯಂ ಬೇಳೆಯನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ, ಬೇಗ ಮೆತ್ತಗಾಗಲು ಬಿಡುವುದಿಲ್ಲ. ತೆರೆದ ಪಾತ್ರೆಯಲ್ಲಿ ತೊಗರಿಬೇಳೆ ಇಟ್ಟುಕೊಂಡು ಕಾಯುವುದು ಶಿಫ್ಟ್ ಮುಗಿಸಿ ಹಸಿದು ಬಂದವರಿಗೆ ಆಗುವ ಕೆಲಸವಲ್ಲ. ಕುಕ್ಕರಿನೊಳಗೆ ಒತ್ತಡ ಪೂರ್ತಿ ಕಟ್ಟಿದರೆ ಬಿಸಿ 120 ಡಿಗ್ರಿ ಹತ್ತಿರ ಹೋಗುತ್ತದೆ. ಅದಕ್ಕೇ ಅದೇ ಬೇಳೆ, ಅದೇ ನೀರು, ಅರ್ಧ ಗಂಟೆಯೊಳಗೆ ಕೆಲಸ ಆಗುತ್ತದೆ. ಇನ್ನೊಂದು ಮಾತು, ಬೇಳೆ ಬೇಯಿಸಲು ಕುಡಿಯುವ ಫಿಲ್ಟರ್ ನೀರನ್ನೇ ಹಾಕಿ. ವ್ಯತ್ಯಾಸ ಗೊತ್ತಾಗುತ್ತದೆ.

ಈ ಕುಕ್ಕರಿನಲ್ಲಿ ನಾನು ಅತಿ ಹೆಚ್ಚು ಮಾಡುವುದು ಬಸ್ಸಾರು. ಒಬ್ಬರ ಮನೆಗೆ ಇದಕ್ಕಿಂತ ಹೊಂದುವ ಅಡುಗೆ ನನಗೆ ಗೊತ್ತಿಲ್ಲ. ಒಂದೇ ಸಲ ಬೇಯಿಸಿದ್ದರಲ್ಲಿ ಸಾರೂ ಆಯಿತು, ಪಲ್ಯವೂ ಆಯಿತು. ಅರ್ಧ ಬಟ್ಟಲು ತೊಗರಿಬೇಳೆಯನ್ನೋ ಅಲಸಂದೆ ಕಾಳನ್ನೋ ಎರಡು ಲೋಟ ನೀರಿಗೆ ಹಾಕಿ ಎರಡು ಕೂಗು ಕೂಗಿಸುತ್ತೇನೆ. ಹಬೆ ಇಳಿದ ಮೇಲೆ ಮುಚ್ಚಳ ತೆಗೆದು, ಅದಕ್ಕೇ ಒಂದು ಕಟ್ಟು ಸೊಪ್ಪು ಹೆಚ್ಚಿ ಹಾಕಿ, ಮುಚ್ಚದೆ ಐದು ನಿಮಿಷ ಕುದಿಸುತ್ತೇನೆ. ಮುಚ್ಚಿ ಬೇಯಿಸಿದರೆ ಸೊಪ್ಪಿನ ಬಣ್ಣ ಹೋಗುತ್ತದೆ. ಆಮೇಲೆ ಉದ್ದ ಹಿಡಿ ಹಿಡಿದು, ಜಾಲರಿಯ ಮೇಲೆ ಬಗ್ಗಿಸಿದರೆ ಬೆಂದ ನೀರು, ಅಂದರೆ ಕಟ್ಟು, ಪಾತ್ರೆಗೆ ಇಳಿಯುತ್ತದೆ. 5 ಲೀಟರಿನ ಕುಕ್ಕರನ್ನು ಹೀಗೆ ಒಂದು ಕೈಯಲ್ಲಿ ಬಗ್ಗಿಸಲು ಆಗುವುದಿಲ್ಲ. ಇಲ್ಲಿ ಎಡಗೈ ಸಾಕು, ಬಲಗೈಯಲ್ಲಿ ಸೌಟು ಹಿಡಿದು ಸೊಪ್ಪನ್ನು ಒತ್ತಬಹುದು. ಸುಟ್ಟ ಈರುಳ್ಳಿ, ಬೆಳ್ಳುಳ್ಳಿ, ಕಾಯಿ, ಜೀರಿಗೆ, ಸಾರಿನ ಪುಡಿ, ಹುಣಸೆಹಣ್ಣಿನ ಜೊತೆ ಒಂದು ಸೌಟು ಬೆಂದ ಸೊಪ್ಪು ಕಾಳು ಸೇರಿಸಿ ಮಿಕ್ಸಿಯ ಚಿಕ್ಕ ಜಾರಿನಲ್ಲಿ ರುಬ್ಬಿ, ಆ ಕಟ್ಟಿಗೆ ಹಾಕಿ ಕುದಿಸಿದರೆ ಸಾರಿಗೆ ಮಂದ ಬರುತ್ತದೆ. ಉಳಿದ ಸೊಪ್ಪು ಕಾಳಿಗೆ ಒಣಮೆಣಸಿನಕಾಯಿ ಒಗ್ಗರಣೆ. ರಾತ್ರಿಗೆ ಮುದ್ದೆ, ಬೆಳಗ್ಗೆಗೆ ಅನ್ನ. ಅಲ್ಲಿಗೆ ಮುಗಿಯಿತು, ಏನೂ ಉಳಿಯುವುದಿಲ್ಲ.

ಮಳೆ ಬಿದ್ದ ಮೇಲೆ ಹಳ್ಳಿ ಕಡೆಯಿಂದ ಬರುವ ಹೆಂಗಸರು ಬೆರಕೆ ಸೊಪ್ಪು ತರುತ್ತಾರೆ. ಅಣ್ಣೆ, ಕೀರೆ, ಗೋಣಿ, ಇನ್ನೂ ನನಗೆ ಹೆಸರು ತಿಳಿಯದ ಎಷ್ಟೋ ಎಲೆ ಅದರಲ್ಲಿರುತ್ತದೆ. ಒಬ್ಬರಿಗೆ ಐದು ಥರದ ಸೊಪ್ಪು ಬೇರೆ ಬೇರೆ ಕೊಳ್ಳಲು ಆಗುವುದಿಲ್ಲ. ಇದರಲ್ಲಿ ಎಲ್ಲವೂ ಒಂದೇ ಕಟ್ಟಿನಲ್ಲಿ ಬರುತ್ತದೆ. ಬೇಳೆ ಜೊತೆ ಬೇಯಿಸಿ, ಕಡಗೋಲಿನಲ್ಲಿ ಮಸೆದರೆ ಮಸ್ಸೊಪ್ಪು. ಕುಕ್ಕರಿನೊಳಗೇ ಮಸೆಯಬಹುದು, ಗೋಡೆ ಎತ್ತರ ಇರುವುದರಿಂದ ಸಿಡಿಯುವುದಿಲ್ಲ.

ಮುದ್ದೆಯನ್ನೂ ಇದರಲ್ಲೇ ಮಾಡುತ್ತೇನೆ ಅಂದರೆ ತುಂಬಾ ಜನ ನಂಬುವುದಿಲ್ಲ. ಒಬ್ಬರಿಗೆ ಮುದ್ದೆ ಮಾಡುವುದು ಹತ್ತು ಜನಕ್ಕೆ ಮಾಡುವುದಕ್ಕಿಂತ ಕಷ್ಟ. ಅಗಲ ಪಾತ್ರೆಯಲ್ಲಿ ಒಂದು ಲೋಟ ನೀರು ಹಿಟ್ಟು ಹಾಕುವಷ್ಟರಲ್ಲಿ ಆರಿಹೋಗುತ್ತದೆ, ಗಂಟು ಕಟ್ಟುತ್ತದೆ. ಈ ಕುಕ್ಕರಿನ ತಳ ಚಿಕ್ಕದು, ನೀರು ಎತ್ತರಕ್ಕೆ ನಿಲ್ಲುತ್ತದೆ. ಒಂದು ಲೋಟ ನೀರಿಗೆ ಒಂದು ಚಮಚ ಹಿಟ್ಟು ಕದಡಿ ಕುದಿಸಿ, ಆಮೇಲೆ ಲೋಟಕ್ಕೆ ಸ್ವಲ್ಪ ಕಡಿಮೆ ಹಿಟ್ಟನ್ನು ಮಧ್ಯಕ್ಕೆ ಗುಡ್ಡೆಯಾಗಿ ಸುರಿದು, ಕೋಲಿನಿಂದ ಒಂದು ತೂತು ಮಾಡಿ, ಸಣ್ಣ ಉರಿಯಲ್ಲಿ ತಟ್ಟೆ ಮುಚ್ಚಿ ಬಿಡಿ. ವೆಯ್ಟ್ ಹಾಕುವ ಮಾತೇ ಇಲ್ಲ, ಕುಕ್ಕರಿನ ಮುಚ್ಚಳವೂ ಬೇಡ. ನುಚ್ಚಿನಂಥ ಗುಳ್ಳೆಗಳು ಹಿಟ್ಟಿನ ಅಂಚಿನಲ್ಲಿ ಮೇಲೆದ್ದು ಪುಟಪುಟ ಅನ್ನತೊಡಗಿದಾಗ ಕೆಳಗಿಳಿಸಿ ತಿರುವಬೇಕು. ಊರಿನಲ್ಲಿ ತಿರುವುವಾಗ ಪಾತ್ರೆ ಜಾರದ ಹಾಗೆ ಕಾಲಲ್ಲಿ ಒತ್ತಿ ಹಿಡಿಯುತ್ತಾರೆ. ಇಲ್ಲಿ ಕುಕ್ಕರಿನ ಉದ್ದ ಹಿಡಿಯೇ ಆ ಕೆಲಸ ಮಾಡುತ್ತದೆ. ಎಡಗೈಯಲ್ಲಿ ಹಿಡಿ ಬಿಗಿಯಾಗಿ ಹಿಡಿದರೆ ಪಾತ್ರೆ ಅಲ್ಲಾಡುವುದಿಲ್ಲ. ಒಂದು ದೊಡ್ಡ ಮುದ್ದೆ, ಒಂದು ಚಿಕ್ಕ ಮುದ್ದೆ ಆಗುತ್ತದೆ. ಆದರೆ ಹಿಡಿಯ ಸ್ಕ್ರೂ ಇದರಿಂದ ಸಡಿಲ ಆಗುತ್ತದೆ. ತಿಂಗಳಿಗೊಮ್ಮೆ ಬಿಗಿ ಮಾಡಿಕೊಳ್ಳಬೇಕು.

ಅನ್ನ, ಬೇಳೆ ಎರಡೂ ಒಟ್ಟಿಗೆ ಬೇಕಾದರೆ ಬೇಳೆ ಕೆಳಗೆ, ಅದರ ಮೇಲೆ ಒಂದು ಚಿಕ್ಕ ಸ್ಟೀಲ್ ಡಬ್ಬಿಯಲ್ಲಿ ಅಕ್ಕಿ. ಎರಡನೇ ಡಬ್ಬಿ ಹಿಡಿಸುವುದಿಲ್ಲ. ಅಷ್ಟೇ ಇದರ ಮಿತಿ.

ಈಗ ಹಬ್ಬಕ್ಕೆ ಬರೋಣ. ಮೊದಲ ಯುಗಾದಿಗೆ ಮನೆ ಓನರ್ ಆಂಟಿ, "ಒಬ್ಬಳಿಗೋಸ್ಕರ ಒಬ್ಬಟ್ಟು ಯಾಕೆ ಮಾಡ್ತೀಯಮ್ಮ, ನಮ್ಮನೇಲೇ ತಿನ್ನು ಬಾ" ಅಂದರು. ಹೋಗಿ ತಿಂದೆ, ಅವರ ಒಬ್ಬಟ್ಟು ಚೆನ್ನಾಗಿಯೇ ಇತ್ತು. ಆದರೆ ನನ್ನ ಮನೆಯಲ್ಲಿ ಬೇಳೆ ಬೇಯುವ ವಾಸನೆ ಇರಲಿಲ್ಲ. ಹಬ್ಬದ ದಿನ ಬಾಗಿಲು ತೆಗೆದರೆ ಆ ವಾಸನೆ ಇರಬೇಕು ಅನ್ನುವುದು ನನ್ನ ಆಸೆ. ಮುಂದಿನ ವರ್ಷದಿಂದ ಮಾಡತೊಡಗಿದೆ, ಈಗ ಆಂಟಿ ಮನೆಗೂ ಎರಡು ಕೊಡುತ್ತೇನೆ.

100 ಗ್ರಾಂ ತೊಗರಿಬೇಳೆ, 100 ಗ್ರಾಂ ಬೆಲ್ಲ. ಇಷ್ಟಕ್ಕೆ ಏಳೆಂಟು ಒಬ್ಬಟ್ಟು ಬರುತ್ತದೆ. ಬೇಳೆಗೆ ಎರಡು ಲೋಟ ನೀರು ಹಾಕಿ ಒಂದೇ ಕೂಗು. ಕೂಗಿದ ತಕ್ಷಣ ಒಲೆ ಆರಿಸಿ, ಎರಡು ನಿಮಿಷ ಬಿಟ್ಟು, ಚಮಚದಲ್ಲಿ ವೆಯ್ಟ್ ಸ್ವಲ್ಪ ಸ್ವಲ್ಪವೇ ಎತ್ತಿ ಹಬೆ ಬಿಡಿ. ಒಂದು ಕಾಳು ತೆಗೆದು ಬೆರಳಲ್ಲಿ ಒತ್ತಿ ನೋಡಿ. ಒಡೆಯಬೇಕು, ಆದರೆ ಕರಗಬಾರದು. ಗಟ್ಟಿ ಇದ್ದರೆ ಮುಚ್ಚದೆ ಇನ್ನೂ ಸ್ವಲ್ಪ ಹೊತ್ತು ಕುದಿಸಿದರೆ ಸರಿ ಹೋಗುತ್ತದೆ. ಕರಗಿದರೆ ಹೂರಣ ನೀರಾಗುತ್ತದೆ, ಅದನ್ನು ಸರಿ ಮಾಡಲು ಬಾಣಲೆ ಮುಂದೆ ನಿಂತು ಬಾಡಿಸುತ್ತಲೇ ಇರಬೇಕು. ಕಟ್ಟು ಬಸಿದಿಟ್ಟುಕೊಂಡು, ಬೇಳೆ ಬೆಲ್ಲ ಬಾಣಲೆಯಲ್ಲಿ ಕೂಡಿಸಿ ನೀರು ಹಿಂಗಿಸಿ, ಏಲಕ್ಕಿ ಹಾಕಿ, ಚಟ್ನಿ ಜಾರಿನಲ್ಲಿ ನೀರು ಹಾಕದೆ ರುಬ್ಬಿ. ಇಷ್ಟು ಕಮ್ಮಿ ಹೂರಣ ಚಿಕ್ಕ ಜಾರಿನಲ್ಲೇ ನುಣ್ಣಗಾಗುವುದು, ದೊಡ್ಡ ಜಾರಿನಲ್ಲಿ ಗೋಡೆಗೆ ಅಂಟಿಕೊಂಡು ನಿಲ್ಲುತ್ತದೆ. ಕಣಕ ಎರಡು ಗಂಟೆ ಎಣ್ಣೆಯಲ್ಲಿ ನೆನೆಯಲಿ. ಬಸಿದ ಕಟ್ಟಿಗೆ ಒಂದು ಉಂಡೆ ಹೂರಣ ಕದಡಿದರೆ ಒಬ್ಬಟ್ಟಿನ ಸಾರು. ಅದು ಮಾರನೇ ದಿನಕ್ಕೇ ಹೆಚ್ಚು ರುಚಿ. ಹಾಗಾಗಿ ಅದೊಂದನ್ನು ಮಾತ್ರ ಬೇಕೆಂದೇ ಉಳಿಸುತ್ತೇನೆ.

ಯುಗಾದಿ ಮಾರನೇ ದಿನ ಹೊಸತೊಡಕು, ಬಾಡೂಟದ ದಿನ. ನಮ್ಮ ಕಡೆ ಊರುಗಳಲ್ಲಿ ಚೀಟಿ ಹಾಕಿ ಗುಡ್ಡೆ ಬಾಡು, ಅಂದರೆ ಗುಡ್ಡೆ ಗುಡ್ಡೆಯಾಗಿ ಪಾಲು ಮಾಡಿದ ಮಾಂಸ, ಹಂಚುತ್ತಾರೆ. ಒಂದು ಗುಡ್ಡೆ ಒಬ್ಬರಿಗೆ ಹೆಚ್ಚು, ಇನ್ನೊಬ್ಬರ ಜೊತೆ ಪಾಲು ಹಾಕಿಕೊಂಡರೆ ಸರಿ. ಕಾಲು ಕೆಜಿ ಮಟನ್ ಈ ಕುಕ್ಕರಿನಲ್ಲಿ ಮಸಾಲೆ ಸಮೇತ ಸರಾಗವಾಗಿ ಬೇಯುತ್ತದೆ. ಅರ್ಧ ಕೆಜಿ ಹಾಕಿದರೆ ಮಸಾಲೆ ಉಕ್ಕಿ ವೆಯ್ಟಿನಿಂದ ಹೊರಗೆ ಬರುತ್ತದೆ.

ಅವರೆಕಾಯಿ ಕಾಲದಲ್ಲಿ, ಡಿಸೆಂಬರ್ ಜನವರಿಯಲ್ಲಿ, ಕೋಲಾರ ಚಿಂತಾಮಣಿ ಕಡೆ ಯಾರ ಮನೆಗೆ ಹೋದರೂ ಸೊಗಡಿನ ಘಮ. ಒಬ್ಬರೇ ಕೂತು ಕಾಳನ್ನು ಸಿಪ್ಪೆ ಬಿಡುವ ಹಾಗೆ ಹಿತಕುವುದು ಬೇಸರದ ಕೆಲಸ, ನಿಜ. ಹಿತಕಿದ ಬೇಳೆಯನ್ನೇ ಮಾರುತ್ತಾರೆ, ಒಂದು ಬಟ್ಟಲು ತಂದರೆ ಸಾಕು. ಎಳೆ ಬೇಳೆಗೆ ಒಂದು ಕೂಗು ದಂಡಿಯಾಯಿತು. ಸಂಕ್ರಾಂತಿಗೆ ಇದರಲ್ಲೇ ಗೆಣಸು, ಕಡಲೆಕಾಯಿ, ಇಡೀ ಅವರೆಕಾಯಿ ಉಪ್ಪು ಹಾಕಿ ಬೇಯಿಸುತ್ತೇನೆ, ಆಮೇಲೆ ತೊಳೆದು ಸಿಹಿ ಪೊಂಗಲ್. ಪೊಂಗಲ್‌ಗೆ ಹಾಲನ್ನು ಮೊದಲೇ ಹಾಕಬೇಡಿ. ಉಕ್ಕುತ್ತದೆ. ಅಕ್ಕಿ ಹೆಸರುಬೇಳೆ ನೀರಿನಲ್ಲಿ ಬೆಂದ ಮೇಲೆ ಹಾಲು ಬೆಲ್ಲ.

ಈಗ ತೊಂದರೆಗಳು. ಮೊದಲನೆಯದು ಗ್ಯಾಸ್ಕೆಟ್. ರಬ್ಬರ್ ಗಟ್ಟಿಯಾಗಿ ಪಕ್ಕದಿಂದ ಹಬೆ ಹೋಗತೊಡಗಿದರೆ ಬದಲಿಸಲೇಬೇಕು. 3, 5 ಲೀಟರಿನ ಗ್ಯಾಸ್ಕೆಟ್ ಎಲ್ಲ ಪಾತ್ರೆ ಅಂಗಡಿಯಲ್ಲೂ ನೇತು ಹಾಕಿರುತ್ತಾರೆ, 2 ಲೀಟರಿನದನ್ನು ಹುಡುಕಬೇಕು. ನನಗೆ ಒಂದು ಸರ್ವೀಸ್ ಅಂಗಡಿಯಲ್ಲಿ, "ಅದು ಬರಲ್ಲ ಮೇಡಂ, ಹೊಸ ಕುಕ್ಕರೇ ತಗೊಳ್ಳಿ" ಅಂದರು. ಗ್ಯಾಸ್ಕೆಟ್‌ಗೋಸ್ಕರ ಕುಕ್ಕರ್ ಬಿಸಾಡಿ ಅನ್ನುವುದು ಅನ್ಯಾಯ. ಕೊನೆಗೆ ಆನ್‌ಲೈನಿನಲ್ಲಿ ಅದೇ ಕಂಪನಿಯದನ್ನೇ ತರಿಸಿದೆ. ನೀವು ಕೊಳ್ಳುವ ದಿನವೇ ಒಂದು ಜಾಸ್ತಿ ಗ್ಯಾಸ್ಕೆಟ್, ಒಂದು ಸೇಫ್ಟಿ ವಾಲ್ವ್ ತೆಗೆದಿಟ್ಟುಕೊಳ್ಳಿ.

ಎರಡನೆಯದು ಒಲೆ. ತಳ ಚಿಕ್ಕದಾದ್ದರಿಂದ ದೊಡ್ಡ ಬರ್ನರಿನಲ್ಲಿ ಉರಿ ಪಕ್ಕಕ್ಕೆ ಬಂದು ಹಿಡಿ ಸುಡುತ್ತದೆ. ಚಿಕ್ಕ ಬರ್ನರಿನಲ್ಲೇ ಇಡಿ. ಕೆಲವು ಒಲೆಗಳ ಮೇಲಿನ ಕಬ್ಬಿಣದ ಕಾಲುಗಳ ನಡುವೆ ಅಂತರ ಜಾಸ್ತಿ, ಕುಕ್ಕರ್ ವಾಲುತ್ತದೆ. ಇಂಡಕ್ಷನ್ ಇರುವವರು ತಳದ ಅಗಲ ಕೇಳಿಕೊಂಡೇ ಕೊಳ್ಳಿ. 12 ಸೆಂಟಿಮೀಟರಿಗಿಂತ ಚಿಕ್ಕದಾದರೆ ಕೆಲವು ಇಂಡಕ್ಷನ್ ಒಲೆ ಅದನ್ನು ಗುರುತಿಸುವುದೇ ಇಲ್ಲ. ಬರೀ ಅಲ್ಯೂಮಿನಿಯಂ ತಳವಂತೂ ಇಂಡಕ್ಷನ್ನಿಗೆ ಬರುವುದಿಲ್ಲ.

ಮೂರನೆಯದು ಕೂಗಿನ ಲೆಕ್ಕ. ಅಮ್ಮ ಮನೆಯ ದೊಡ್ಡ ಕುಕ್ಕರಿನ "ನಾಲ್ಕು ಕೂಗು" ಇಲ್ಲಿ ನಡೆಯುವುದಿಲ್ಲ. ನೀರು ಕಮ್ಮಿ ಇರುವುದರಿಂದ ಬೇಗ ಬೇಗ ಕೂಗುತ್ತದೆ, ಒಳಗೆ ಬೇಳೆ ಬೆಂದಿರುವುದಿಲ್ಲ. ಮೊದಲ ಕೂಗಿನ ಮೇಲೆ ಉರಿ ಸಣ್ಣ ಮಾಡಿ, ಎಂಟು ಹತ್ತು ನಿಮಿಷ ಗಡಿಯಾರ ನೋಡಿ. ನೀರು ಒಂದು ಲೋಟಕ್ಕಿಂತ ಕಮ್ಮಿ ಯಾವತ್ತೂ ಬೇಡ. ಬೇಳೆ, ಅಕ್ಕಿ ನೊರೆ ಬರುವ ಪದಾರ್ಥ, ಅರ್ಧಕ್ಕಿಂತ ಮೇಲೆ ತುಂಬಬೇಡಿ. ಹೆಸರಿಗೆ 2 ಲೀಟರ್, ಬೇಳೆಗೆ ಒಂದೇ ಲೀಟರ್ ಅಂತ ತಿಳಿದುಕೊಳ್ಳಿ.

ಗಡಸು ನೀರಿನ ಬಿಳಿ ಪದರ ವೆಯ್ಟ್ ಕೂರುವ ಕೊಳವೆಯೊಳಗೂ ಕಟ್ಟುತ್ತದೆ. ಪ್ರತಿ ಸಲ ಮುಚ್ಚುವ ಮುಂಚೆ ಮುಚ್ಚಳವನ್ನು ಬೆಳಕಿಗೆ ಹಿಡಿದು, ಕೊಳವೆಯಲ್ಲಿ ಆಚೆ ಕಡೆ ಕಾಣುತ್ತದಾ ನೋಡಿ. ಕಾಣದಿದ್ದರೆ ಸೂಜಿ ಹಾಕಿ ಬಿಡಿಸಿ. ಒಬ್ಬರೇ ಇರುವ ಮನೆಯಲ್ಲಿ ಏನಾದರೂ ಆದರೆ ಕೂಗಿದರೂ ಬರಲು ಪಕ್ಕದಲ್ಲಿ ಯಾರೂ ಇರುವುದಿಲ್ಲ, ಈ ಒಂದು ವಿಷಯದಲ್ಲಿ ಅಸಡ್ಡೆ ಬೇಡ. ಇದೇ ಕಾರಣಕ್ಕೆ ಐಎಸ್‌ಐ ಗುರುತು ನೋಡಿಯೇ ಕೊಳ್ಳಿ. ಮನೆಬಳಕೆಯ ಕುಕ್ಕರಿಗೆ ಅದು 2021ರ ಫೆಬ್ರವರಿಯಿಂದ ಕಡ್ಡಾಯ, ಗುರುತಿನ ಮೇಲೆ ಐಎಸ್ 2347 ಅಂತ ಇರುತ್ತದೆ. ಕಡ್ಡಾಯ ಆದಮೇಲೂ ಗುರುತಿಲ್ಲದ್ದನ್ನು ಮಾರಲು ಬಿಟ್ಟಿದ್ದಕ್ಕೆ 2022ರಲ್ಲಿ ದೊಡ್ಡ ಆನ್‌ಲೈನ್ ಅಂಗಡಿಗಳಿಗೇ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ದಂಡ ಹಾಕಿತ್ತು.

ಅಲ್ಯೂಮಿನಿಯಂ ಬಗ್ಗೆ ಮಾತ್ರ ನನಗೆ ಪೂರ್ತಿ ಸಮಾಧಾನವಿಲ್ಲ. ಹುಣಸೆಹುಳಿ, ಟೊಮೆಟೊ ಹಾಕಿ ಕುದಿಸಿದರೆ ಲೋಹ ಹುಳಿಯ ಜೊತೆ ಸೇರುತ್ತದೆ, ಒಳಗೋಡೆ ಮಾಸುತ್ತದೆ. ಟೊಮೆಟೊ ಊರಾದ ಕೋಲಾರದಲ್ಲಿ ಹುಳಿ ಇಲ್ಲದ ಸಾರು ಎಲ್ಲಿ? ಹಾಗಾಗಿ ಬೇಳೆ ಮಾತ್ರ ಕುಕ್ಕರಿನಲ್ಲಿ ಬೇಯಿಸಿ, ಹುಳಿ ಹಾಕಿ ಕುದಿಸುವುದನ್ನು ಸ್ಟೀಲ್ ಪಾತ್ರೆಯಲ್ಲಿ ಮಾಡುತ್ತೇನೆ. ತೊಳೆಯಲು ಒಂದು ಪಾತ್ರೆ ಜಾಸ್ತಿ, ಇರಲಿ. ಇದು ಹಾಳಾದ ಮೇಲೆ ಇದೇ ಅಳತೆಯಲ್ಲಿ ಮೂರು ಪದರದ ಸ್ಟೀಲಿನದನ್ನು ತರುತ್ತೇನೆ. ಅದರ ತೂಕ ಜಾಸ್ತಿ ಇರುತ್ತದೆ. ಬಸ್ಸಾರು ಬಸಿಯುವ ಮನೆಯವರು ಅಂಗಡಿಯಲ್ಲೇ ನೀರು ತುಂಬಿಸಿಕೊಂಡು, ಎಡಗೈಯಲ್ಲಿ ಬಗ್ಗಿಸಿ ನೋಡಿ ಕೊಳ್ಳಿ.